ಆರ್ಡರಿಲ್ಲದ ಗೌರವ

ಗುಂಡಿನ ಸದ್ದು ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ಬೆಚ್ಚುತ್ತಿರಲಿಲ್ಲ. ಅಮ್ಮ ಎದ್ದು ಹೋಗಿ ಹಂಡೆಗೆ ಉರಿ ಹಾಕುತ್ತಿದ್ದಳು.

ಚಾಮರಾಜಪೇಟೆಯ ಸ್ಮಶಾನ ನಮ್ಮ ಮನೆಗೆ ಕೂಗಳತೆಯ ದೂರ. ದೊಡ್ಡವರು ಯಾರಾದರೂ ತೀರಿಕೊಂಡು, ಅವರಿಗೆ ಸಕಲ ಸರ್ಕಾರಿ ಗೌರವ ಎಂದು ಆದೇಶವಾದರೆ, ಪೊಲೀಸರು ಅಲ್ಲಿ ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುತ್ತಾರೆ. ಗುಂಡಿನ ಸದ್ದು ಅಡಗಿದ ಮೇಲೆ ಬ್ಯೂಗಲ್ ಊದುತ್ತಾರೆ. ಹಾಗೆ ಬ್ಯೂಗಲ್ ಊದುತ್ತಿದ್ದವರು ನಮ್ಮಪ್ಪ. ಅವರು ಪೊಲೀಸ್ ಬ್ಯಾಂಡಿನಲ್ಲಿದ್ದರು. ಗುಂಡು ಹಾರಿತು ಅಂದರೆ ಅಪ್ಪನ ಸರದಿ ಬಂತು, ಇನ್ನು ಸ್ವಲ್ಪ ಹೊತ್ತಿಗೆ ಮನೆಗೆ ಬರುತ್ತಾರೆ ಅಂತ ಅಮ್ಮನ ಲೆಕ್ಕ. ಸ್ಮಶಾನದಿಂದ ಬಂದವರು ಹಿತ್ತಲ ಬಾಗಿಲಿಂದ ಬಂದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡಬೇಕು. ಮುಖ್ಯಮಂತ್ರಿಯ ಸಾವಾದರೂ ಅಷ್ಟೇ, ಕವಿಯ ಸಾವಾದರೂ ಅಷ್ಟೇ.

ಹಂಡೆಗೆ ಉರಿ ಹಾಕಿದ ಅಮ್ಮ ಇನ್ನೊಂದು ಕೆಲಸ ಮಾಡುತ್ತಿದ್ದಳು. ಬೀದಿ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಒರಳಿನ ಮುಂದೆ ಕೂತು ಏನನ್ನಾದರೂ ರುಬ್ಬುತ್ತಿದ್ದಳು. ಮಿಕ್ಸಿ ಬಂದ ಮೇಲೆ ಮಿಕ್ಸಿ ಹಾಕುತ್ತಿದ್ದಳು. ರುಬ್ಬುವುದಕ್ಕೆ ಏನೂ ಇಲ್ಲದಿದ್ದರೆ ಖಾಲಿ ಜಾರನ್ನೇ ತಿರುಗಿಸುತ್ತಿದ್ದಳು. ಗುಂಡಿನ ಹಿಂದೆಯೇ ಬರುವ ಆ ಬ್ಯೂಗಲ್ ಅವಳ ಕಿವಿಗೆ ಬೀಳಬಾರದಿತ್ತು.

ಆ ರಾಗಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ಬ್ಯಾಂಡಿನವರು ಮಾತ್ರ ಅದನ್ನು ಬರೀ 'ಕೊನೇದು' ಅನ್ನುತ್ತಿದ್ದರು. ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಅಪ್ಪ ಒಂದು ಬೆಳಿಗ್ಗೆ ಹಿತ್ತಲಲ್ಲಿ ನಿಂತು ಕೊನೇದನ್ನು ಅಭ್ಯಾಸ ಮಾಡಲು ಶುರು ಮಾಡಿದರಂತೆ. ಎರಡು ಸ್ವರ ಹೊರಡುವಷ್ಟರಲ್ಲಿ ನಮ್ಮಜ್ಜಿ ಓಡಿಬಂದು, ಬಾಳಿ ಬದುಕುವ ಮನೆಯಲ್ಲಿ ಇದೇನು ಅಂತ ಬೈದು ನಿಲ್ಲಿಸಿದರಂತೆ. ವಾರ ಕಳೆಯುವುದರೊಳಗೆ ಅಜ್ಜಿ ಹೋದರು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯಿತ್ತು, ಕಾಲಿನ ಗಾಯ ಮಾಗಿರಲಿಲ್ಲ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಗಿತ್ತು. ಅವತ್ತಿನಿಂದ ಅಮ್ಮನ ಕಟ್ಟಪ್ಪಣೆ: ಹಬ್ಬಕ್ಕೆ ಊದಿ, ಮಕ್ಕಳನ್ನು ನಗಿಸೋಕೆ ಊದಿ, ಆದರೆ ಅದೊಂದು ಈ ಮನೆಯಲ್ಲಿ ಕೂಡದು. ಅಪ್ಪ ವಾದಕ್ಕೆ ನಿಲ್ಲಲಿಲ್ಲ. ಮನೆಯಲ್ಲಿ ಬ್ಯೂಗಲ್ಲಿನ ಬಾಯಿತುಂಡನ್ನು ಮಾತ್ರ ತುಟಿಗಿಟ್ಟು ಬುರ್ರೆಂದು ಉಸಿರು ಪಳಗಿಸುತ್ತಿದ್ದರು. ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಸದ್ದು ಬರುತ್ತಿತ್ತು. ನಾನು ಅದನ್ನು ಕೇಳುತ್ತಲೇ ಮಗ್ಗಿ ಕಲಿತವಳು.

ಬ್ಯೂಗಲ್ಲಿಗೆ ಕೊಳಲಿನ ಹಾಗೆ ತೂತುಗಳಿಲ್ಲ, ಒತ್ತುವ ಗುಂಡಿಗಳೂ ಇಲ್ಲ. ಸ್ವರವೆಲ್ಲ ತುಟಿಯಿಂದಲೇ ಹುಟ್ಟಬೇಕು, ಆ ತುಟಿಗೆ ಹಿಂದಿನಿಂದ ಹಲ್ಲು ಆಸರೆ ಕೊಡಬೇಕು. ಅದಕ್ಕೇ ಅಪ್ಪ ಹಲ್ಲನ್ನು ಕಣ್ಣಿನ ಹಾಗೆ ಕಾಪಾಡಿಕೊಂಡಿದ್ದರು. ಎಲೆ ಅಡಿಕೆ ಮುಟ್ಟುತ್ತಿರಲಿಲ್ಲ. ಸಂಕ್ರಾಂತಿಗೆ ನಾವೆಲ್ಲ ಕಬ್ಬು ಸಿಗಿಯುತ್ತ ಕೂತರೆ, ಅವರಿಗೆ ಮಾತ್ರ ಅಮ್ಮ ಸಣ್ಣ ಚೂರು ಮಾಡಿ ಕೊಡುತ್ತಿದ್ದಳು. ಬಂದೋಬಸ್ತಿನ ಊಟದಲ್ಲಿ ಕಲ್ಲು ಸಿಕ್ಕೀತು ಅಂತ ಅನ್ನವನ್ನು ಅಷ್ಟು ನಿಧಾನವಾಗಿ ಅಗಿಯುವ ಇನ್ನೊಬ್ಬ ಪೊಲೀಸನನ್ನು ನಾನು ಕಂಡಿಲ್ಲ.

ಸರ್ಕಾರಿ ಗೌರವ ಅನ್ನುವುದು ಹತ್ತಿರದಿಂದ ನೋಡಿದವರಿಗೆ ಬಹಳ ಮಟ್ಟಿಗೆ ಕಾಯುವ ಕೆಲಸ. ಶವ ಬಂದಿರುತ್ತದೆ, ಮನೆಯವರು ಅತ್ತು ಸುಸ್ತಾಗಿರುತ್ತಾರೆ, ಪುರೋಹಿತರು ರಾಹುಕಾಲ ಬಂತು ಅಂತ ಒದ್ದಾಡುತ್ತಿರುತ್ತಾರೆ. ಬರಬೇಕಾದ ಮಂತ್ರಿಗಳು ಎಲ್ಲೋ ಟ್ರಾಫಿಕ್ಕಿನಲ್ಲಿರುತ್ತಾರೆ. ಹೂಗುಚ್ಛವನ್ನು ಯಾರ ನಂತರ ಯಾರು ಇಡಬೇಕು ಅನ್ನುವುದಕ್ಕೊಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಸತ್ತವರಿಗೆ ಏನೂ ಆಗುವುದಿಲ್ಲ, ಬದುಕಿದವರಿಗೆ ಮಾತ್ರ ಭಾರಿ ಅವಮಾನವಾಗುತ್ತದೆ. ಅಲ್ಲಿಯವರೆಗೂ ಅಪ್ಪ ಬಿಸಿಲಿನಲ್ಲಿ ನೆಟ್ಟಗೆ ನಿಂತಿರಬೇಕು, ತುಟಿ ಒಣಗದ ಹಾಗೆ ನೋಡಿಕೊಳ್ಳಬೇಕು. ಕೊನೆಗೂ ಊದುವ ಹೊತ್ತಿಗೆ ಟಿವಿಯವರ ಕ್ಯಾಮೆರಾ ಮಂತ್ರಿಗಳ ಮುಖದ ಕಡೆಗೆ ತಿರುಗಿರುತ್ತಿತ್ತು. ಎಷ್ಟೋ ಸಲ ಟಿವಿಯ ಮುಂದೆ ಕೂತು ಹುಡುಕಿದ್ದೇನೆ. ಒಮ್ಮೆ ಅವರ ಮೊಣಕೈ ಕಂಡಿತ್ತು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅವರು ಬಂದ ಕೂಡಲೇ, ಇಷ್ಟು ಚಂದಕ್ಕೆ ನೀವು ಅಲ್ಲಿ ಹೋಗಿ ನಿಲ್ಲಬೇಕಾ ಅಂತ ರೇಗುತ್ತಿದ್ದೆ. ಅಪ್ಪ ತಲೆ ಒರೆಸಿಕೊಳ್ಳುತ್ತ, ಊದೋದು ಕೇಳೋದಕ್ಕಮ್ಮಾ, ನೋಡೋದಕ್ಕಲ್ಲ, ಅನ್ನುತ್ತಿದ್ದರು.

ನಿವೃತ್ತಿಯಾಗಿ ವರ್ಷಗಳು ಕಳೆದವು. ಕಾಪಾಡಿಕೊಂಡ ಹಲ್ಲುಗಳು ಒಂದೊಂದಾಗಿ ಬಿದ್ದವು. ಕಟ್ಟಿಸಿದ ಹಲ್ಲಿನಲ್ಲಿ ಬ್ಯೂಗಲ್ ಊದಲು ಬರುವುದಿಲ್ಲ. ಆಮೇಲೆ ಉಬ್ಬಸ ಹೆಚ್ಚಾಗಿ, ನಡುಮನೆಯ ಮಂಚವೇ ಅವರ ಜಾಗವಾಯಿತು. ನಾನು ಹನುಮಂತನಗರದ ಶಾಲೆಯಲ್ಲಿ ಪಾಠ ಮುಗಿಸಿ ಸಂಜೆ ನೇರವಾಗಿ ಅವರ ಹತ್ತಿರ ಹೋಗಿ ಕೂರುತ್ತಿದ್ದೆ.

ಆಗಲೇ ಆ ದೂರದ ದೇಶದ ರಾಣಿ ತೀರಿಕೊಂಡದ್ದು. ನಮ್ಮಲ್ಲೂ ಒಂದು ದಿನದ ಶೋಕಾಚರಣೆ ಅಂತ ಸರ್ಕಾರ ಹೇಳಿತು, ಬಾವುಟ ಅರ್ಧಕ್ಕೆ ಇಳಿಯಿತು. ನನಗೆ ಮೈಯೆಲ್ಲ ಉರಿಯಿತು. ನಮ್ಮನ್ನು ಆಳಿ, ದೋಚಿಕೊಂಡು ಹೋದವರ ಮನೆಯ ಸಾವಿಗೆ ನಮ್ಮ ಬಾವುಟ ಯಾಕೆ ಇಳಿಯಬೇಕು ಅಂತ ಅಪ್ಪನ ಹತ್ತಿರ ಕೂಗಾಡಿದೆ. ಅವರು ಸಮಾಧಾನವಾಗಿ, ಅರ್ಧಕ್ಕೆ ಇಳಿಸುವಾಗಲೂ ಬಾವುಟವನ್ನು ಮೊದಲು ತುದಿಯವರೆಗೆ ಏರಿಸಿಯೇ ಇಳಿಸಬೇಕು ಅನ್ನುವ ನಿಯಮವನ್ನು ವಿವರಿಸಿದರು. ನಾನು ಕೇಳಿದ್ದೇನು, ಅವರು ಹೇಳಿದ್ದೇನು. ಅವರ ಪ್ರಕಾರ ಅದೇ ಉತ್ತರವಾಗಿತ್ತು.

ಅಂತ್ಯಕ್ರಿಯೆಯ ದಿನ ಮಧ್ಯಾಹ್ನದ ಮೇಲೆ ಅಪ್ಪ ಟಿವಿ ಹಾಕಿಸಿಕೊಂಡು ಕೂತರು. ಹತ್ತು ಹನ್ನೊಂದು ದಿನದಿಂದ ಹೆಣ ಇಟ್ಟುಕೊಂಡಿದ್ದಾರಲ್ಲ, ಅವರಿಗೆ ಸೂತಕ ಯಾವತ್ತಿನಿಂದ ಲೆಕ್ಕ ಅಂತ ಅಮ್ಮ ಕೇಳಿದಳು. ನನಗೂ ಗೊತ್ತಿರಲಿಲ್ಲ. ನಾವಿಕರು ಗಾಡಿ ಎಳೆದರು, ಮಕ್ಕಳು ಹಿಂದೆ ನಡೆದರು. ಯಾರೂ ತಡವಾಗಿ ಬರಲಿಲ್ಲ, ಯಾರೂ ಮೈಕಿಗಾಗಿ ತಳ್ಳಾಡಲಿಲ್ಲ. ಇಷ್ಟವಿಲ್ಲದಿದ್ದರೂ ನಾನು ನೋಡುತ್ತ ಕೂತೆ. ಚರ್ಚಿನೊಳಗೆ ಪ್ರಾರ್ಥನೆ ಮುಗಿಯುತ್ತ ಬಂದಾಗ ಅಪ್ಪ ಕಾಲನ್ನು ಮಂಚದಿಂದ ಕೆಳಗಿಳಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ತೊಡೆಗೆ ಒತ್ತಿಕೊಂಡು ಕೂತರು. ಏನು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಾಯಿತು. ಅವಳು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತುತ್ತೂರಿಯವರು ಕೊನೇದನ್ನು ಊದಿದರು. ಒಳಗೆ ಮಿಕ್ಸಿ ತಿರುಗುತ್ತಿತ್ತು.

ಆಮೇಲೆ ಇನ್ನೊಬ್ಬ ವಾದ್ಯದವನು ಬಂದ. ಅವನು ರಾಣಿಯ ಮನೆಯವನೇ, ದಿನಾ ಬೆಳಿಗ್ಗೆ ಅವಳ ಕಿಟಕಿಯ ಕೆಳಗೆ ಬ್ಯಾಗ್‌ಪೈಪ್ ಅನ್ನುವ ಚೀಲದ ವಾದ್ಯ ಊದುತ್ತಿದ್ದವನಂತೆ. ಅವನು ಊದುತ್ತ ಊದುತ್ತಲೇ ನಡೆದು ಹೋದ, ಸದ್ದು ಸಣ್ಣಗಾಗುತ್ತ ಹೋಗಿ ನಿಂತಿತು. ಅಪ್ಪ ಅಳುತ್ತಿದ್ದರು. ಇಷ್ಟು ಸಾವಿಗೆ ಊದಿದ ಮನುಷ್ಯ ಅಳುವುದನ್ನು ನಾನು ಅವತ್ತೇ ನೋಡಿದ್ದು.

"ನಾನು ಹೋದಾಗ ಅದೊಂದು ಊದ್ಸಮ್ಮಾ," ಅಂದರು. "ಗುಂಡು ಬೇಡ, ಬಾವುಟ ಬೇಡ. ಅದೊಂದು ಸಾಕು."

ಸುಮ್ಮನಿರಿ ಅಂತ ಗದರಿದೆ. ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು.

"ನಾನು ಏನು ಊದ್ತಿದ್ದೆ ಅಂತ ನಿಮ್ಮಮ್ಮಂಗೆ ಇವತ್ತಿಗೂ ಗೊತ್ತಿಲ್ಲ ಕಣೇ. ಅವ್ಳು ಒಂದ್ಸಲ ಪೂರ್ತಿ ಕೇಳ್ಬೇಕಿತ್ತು."

ಬಾಗಿಲು ತೆಳ್ಳಗಿನದು, ಮಿಕ್ಸಿಯೂ ಆಗ ನಿಂತಿತ್ತು. ಅಮ್ಮ ಕೇಳಿಸಿಕೊಂಡಳು ಅಂತ ನನಗೆ ಗೊತ್ತು. ಆದರೆ ಹೊರಗೆ ಬಂದವಳು ಕಾಫಿ ಲೋಟ ಇಟ್ಟು, ಬಿಸಿಯಿದೆ, ಹುಷಾರು, ಅಂದಳು.

ಎರಡು ದಿನ ಬಿಟ್ಟು ನಾನು ರಜೆ ಹಾಕಿ ಪೊಲೀಸ್ ಇಲಾಖೆಯ ಒಂದು ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಸಭ್ಯರು. ಕೂರಿಸಿ, ಟೀ ತರಿಸಿ, ಎಲ್ಲ ಕೇಳಿದರು. ಸೇವೆಯಲ್ಲಿರುವಾಗ ತೀರಿಕೊಂಡವರಿಗೆ ಗೌರವ ಉಂಟು, ಗಣ್ಯರಿಗೆ ಸರ್ಕಾರದ ಆದೇಶದ ಮೇಲೆ ಉಂಟು, ನಿವೃತ್ತರಾದ ಬ್ಯಾಂಡಿನವರಿಗೆ ಅವಕಾಶವಿಲ್ಲಮ್ಮ, ಅಂದರು. ಊದಿದವರಿಗೇ ಊದುವವರಿಲ್ಲವೇ ಅಂದೆ. ಅವರು ನಿಜಕ್ಕೂ ಬೇಜಾರು ಮಾಡಿಕೊಂಡರು. ಬೇಜಾರು ಮಾಡಿಕೊಳ್ಳದೆ ದಬಾಯಿಸಿದ್ದರೆ ನನಗೆ ಜಗಳವಾಡಿದ ಸಮಾಧಾನವಾದರೂ ಇರುತ್ತಿತ್ತು. ಮನೆಗೆ ಬಂದು ಹೇಳಿದರೆ ಅಪ್ಪ ಆ ಅಧಿಕಾರಿಯ ಪರವೇ ನಿಂತರು. ಕೇಳಿದವರಿಗೆಲ್ಲ ಊದಿದರೆ ಅದಕ್ಕೇನು ಬೆಲೆ ಅಂದರು. ಸರ್ಕಾರದ ಬ್ಯೂಗಲ್ಲನ್ನು ಆರ್ಡರ್ ಇಲ್ಲದೆ ಪೆಟ್ಟಿಗೆಯಿಂದ ತೆಗೆಯುವುದೂ ತಪ್ಪು ಅಂದರು.

ಅಪ್ಪ ಕಲಿಸಿದ ಶಿಷ್ಯನೊಬ್ಬ ಈಗ ಅದೇ ಬ್ಯಾಂಡಿನಲ್ಲಿದ್ದಾನೆ. ವಿಷಯ ಗೊತ್ತಾಗಿ ಅವನೇ ಮನೆಗೆ ಬಂದ. ಸರ್ಕಾರದ್ದು ಬೇಡ, ಅವೆನ್ಯೂ ರಸ್ತೆಯ ಕಡೆ ಎಲ್ಲಾದರೂ ಸಿಕ್ಕುವ ಒಂದು ಬ್ಯೂಗಲ್ ತಂದು, ರಜೆ ಹಾಕಿ, ಮಾಮೂಲಿ ಬಟ್ಟೆಯಲ್ಲಿ ಬಂದು ಊದುತ್ತೇನೆ, ಇದಕ್ಕೆ ಯಾರ ಆರ್ಡರೂ ಬೇಡ ಅಂದ. ಅಪ್ಪನ ಮುಖ ಅರಳಿತು. ಆಗಲಿ, ಆದರೆ ಅವತ್ತು ಬೆಳಿಗ್ಗೆ ಖಾರ ತಿನ್ನಬೇಡ ಅಂತ ಅವನಿಗೆ ಬುದ್ಧಿ ಹೇಳಿದರು. ಆ ದಿನ ಯಾವುದು ಅಂತ ಇಬ್ಬರಿಗೂ ಗೊತ್ತಿದ್ದ ಹಾಗೆ ಮಾತಾಡಿಕೊಂಡರು. ಅಮ್ಮ ಬಾಗಿಲಲ್ಲಿ ನಿಂತು, "ಊದೋದಾದ್ರೆ ಅಲ್ಲೇ ಊದ್ಲಿ. ಮನೇಲಿ ಬೇಡ," ಅಂದಳು. ನಮ್ಮ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅಲ್ಲಿ ಊದಿದರೆ ಅಮ್ಮ ಎಂದಿನಂತೆ ಕಿಟಕಿ ಮುಚ್ಚಿಬಿಡುತ್ತಾಳೆ, ಕೇಳುವುದಿಲ್ಲ. ಅಪ್ಪ ಶಿಷ್ಯನ ಕಡೆ ನೋಡಿ, ಸರಿ, ಅಲ್ಲೇ, ಅಂದರು.

ನವರಾತ್ರಿ ಬಂತು. ಬ್ಯಾಂಡಿನವರೆಲ್ಲ ದಸರಾಗೆ ಮೈಸೂರಿಗೆ ಹೋದರು, ಶಿಷ್ಯನೂ ಹೋದ. ಅರಮನೆಯ ಮುಂದೆ ನುಡಿಸುವ ಕಾಯಕದಲ್ಲಿ ರಜೆ ಅನ್ನುವ ಮಾತಿಲ್ಲ. ಅಪ್ಪ ಆ ನಡುವೆ ಒಂದು ಬೆಳಿಗ್ಗೆ ಹೋಗಿಬಿಟ್ಟರು. ರಾತ್ರಿಯೆಲ್ಲ ಉಸಿರಿಗೆ ಕಷ್ಟಪಟ್ಟಿದ್ದರು, ಬೆಳಗಾದ ಮೇಲೆ ಸ್ವಲ್ಪ ಗಂಜಿ ಕುಡಿದಿದ್ದರು. ಅಮ್ಮ ಬಟ್ಟಲು ತೊಳೆದು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಶಿಷ್ಯನಿಗೆ ಫೋನ್ ಮಾಡಿದೆ. ಅವನ ಹಿಂದುಗಡೆ ಡ್ರಮ್ಮಿನ ಅಭ್ಯಾಸ ಕೇಳುತ್ತಿತ್ತು. ಬರೋಕಾಗಲ್ಲ ಅಕ್ಕಾ ಅಂದ.

ನೆಂಟರು ಸೇರಿದರು. ಚಟ್ಟ ಸಿದ್ಧವಾಯಿತು, ಬೀದಿಯಲ್ಲಿ ತಮಟೆಯವರು ಬೆಂಕಿ ಹಾಕಿ ತಮಟೆ ಕಾಯಿಸಿಕೊಳ್ಳುತ್ತಿದ್ದರು. ನಾನು ಅಪ್ಪನ ಕಾಲ ಹತ್ತಿರ ಕೂತು, ಕೇಳಿದ್ದು ಒಂದೇ ಒಂದು, ಅದನ್ನೂ ಮಾಡಿಕೊಡಲಾಗಲಿಲ್ಲವಲ್ಲ ಅಂತ ಅಳುತ್ತಿದ್ದೆ. ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ದಸರಾದ ಮೇಲೆ, ಸರ್ಕಾರದ ಮೇಲೆ, ಅವತ್ತೇ ಹೋದ ಅಪ್ಪನ ಮೇಲೂ.

ಆಗ ಅಪ್ಪನ ಜೊತೆ ಬ್ಯಾಂಡಿನಲ್ಲಿದ್ದ ಮೂವರು ಬಂದರು. ಮೂವರೂ ನಿವೃತ್ತರು, ಅಪ್ಪನ ವಾರಿಗೆಯವರು. ಒಬ್ಬರು ಓಕಳಿಪುರದಿಂದ ಬಸ್ಸಿನಲ್ಲಿ, ಇಬ್ಬರು ವೈಯಾಲಿಕಾವಲಿನಿಂದ ಒಂದೇ ಆಟೋದಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಹಾಕಿದ ಬೂಟು. ನಮ್ಮ ಚಿಕ್ಕಪ್ಪನ ಮಗ ಸ್ವಾತಂತ್ರ್ಯದ ದಿನ ಮನೆಯ ಮೇಲೆ ಕಟ್ಟಿದ್ದ ಬಾವುಟ ತಂದು, ಹೊದಿಸೋಣವೇ ಅಂದ. ಅವರಲ್ಲಿ ಹಿರಿಯರು ಅವನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು, ಮಡಿಸಿ ವಾಪಸು ಕೊಟ್ಟು, ಆರ್ಡರಿಲ್ಲದೆ ಅದು ನಮಗೆ ಸಲ್ಲಲ್ಲಪ್ಪ, ಒಳಗಿಡು ಅಂದರು.

ಅಪ್ಪನ ಆಸೆಯ ವಿಷಯ ಅವರಿಗೂ ಶಿಷ್ಯನಿಂದ ಗೊತ್ತಾಗಿತ್ತು. ಎತ್ತರದವರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಹಳೆಯ ಬ್ಯೂಗಲ್ ತೆಗೆದರು. ಮದುವೆ ಬ್ಯಾಂಡಿನವರ ಹತ್ತಿರ ಕೇಳಿ ತಂದದ್ದಂತೆ. ಮೂವರೂ ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋದರು. ನಾನೂ ಹಿಂದೆ ಹೋದೆ. ಎತ್ತರದವರು ತುಟಿಗಿಟ್ಟು ಊದಿದರು, ಬರೀ ಗಾಳಿ ಬಂತು. ಕಟ್ಟಿಸಿದ ಹಲ್ಲು ಅಲುಗಾಡಿತು, ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು ಮತ್ತೆ ಊದಿದರು. ಇನ್ನೊಬ್ಬರು ಊದಿದರು. ಹಿರಿಯರು ಊದಿದಾಗ ಒಂದು ಅಪಸ್ವರ ಹೊರಟು ಅರ್ಧಕ್ಕೇ ಸತ್ತಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಗಾದೆ ಮಾಡಿದವರು ನಮ್ಮ ಹಿತ್ತಲನ್ನು ನೋಡಿಯೇ ಮಾಡಿರಬೇಕು ಅನ್ನಿಸಿ ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ಅವರೂ ನಕ್ಕರು. ನಕ್ಕು, ತೋಳಿನಿಂದ ಕಣ್ಣು ಒರೆಸಿಕೊಂಡರು. ಹಲ್ಲಿದ್ದವರೆಲ್ಲ ಮೈಸೂರಿನಲ್ಲಿದ್ದರು.

ಬ್ಯಾಂಡಿಗೆ ಸೇರಿದ ಹೊಸದರಲ್ಲಿ ಯಾರ ಕೈಗೂ ಬ್ಯೂಗಲ್ ಕೊಡುವುದಿಲ್ಲವಂತೆ. ಮೊದಲು ರಾಗವನ್ನು ಬಾಯಲ್ಲಿ ಹೇಳಿ ಹೇಳಿ ಪಾಠ ಮಾಡಿಸುತ್ತಾರೆ, ಬಾಯಿಗೆ ಬಂದಮೇಲೆ ತುಟಿಗೆ. ಇದನ್ನು ನನಗೆ ಹೇಳುತ್ತ ಹೇಳುತ್ತಲೇ ಹಿರಿಯರಿಗೆ ಏನೋ ಹೊಳೆಯಿತು. ಬ್ಯೂಗಲ್ಲನ್ನು ತುಳಸಿಕಟ್ಟೆಯ ಪಕ್ಕ ಇಟ್ಟು, ನಡುಮನೆಗೆ ಬಂದು, ಅಮ್ಮನ ಮುಂದೆ ಬಗ್ಗಿ ನಿಂತರು.

"ಅತ್ತಿಗೆ, ಊದೋಕೆ ನಮ್ಮ ಕೈಲಿ ಆಗ್ಲಿಲ್ಲ. ಬಾಯಲ್ಲಿ ಹೇಳ್ತೀವಿ. ಇಲ್ಲೇ ಹೇಳ್ಬೇಕು ಅಂತ ಆಸೆ. ನೀವು ಬೇಡ ಅಂದ್ರೆ ಅಲ್ಲೇ ಹೇಳ್ತೀವಿ."

ಅಮ್ಮ ತಲೆ ಎತ್ತಲಿಲ್ಲ. ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ನಮ್ಮ ಅತ್ತೆ, ಅಪ್ಪನ ತಂಗಿ, ಅಜ್ಜಿಯ ಸಾವನ್ನು ಕಣ್ಣಾರೆ ಕಂಡವರು, ಬೇಡ ಅಂತ ಕೈ ಸನ್ನೆ ಮಾಡಿದರು. ಈ ಮನೆಯಲ್ಲಿ ಇನ್ನು ಯಾವ ಸಾವಿಗೆ ಹೆದರಬೇಕು ಅಂತ ನಾನು ಬಾಯಿಬಿಟ್ಟು ಕೇಳುವವಳೇ ಇದ್ದೆ. ಅಷ್ಟರಲ್ಲಿ ಅಮ್ಮ, "ಹೇಳಿ," ಅಂದಳು.

ಹಿರಿಯರು ಬೀದಿಗೆ ಹೋಗಿ ತಮಟೆಯವರಿಗೆ ಸ್ವಲ್ಪ ತಡೆಯಿರಿ ಅಂದು ಬಂದರು. ಬಿಚ್ಚಿಟ್ಟಿದ್ದ ಬೂಟುಗಳನ್ನು ಮೂವರೂ ಹಾಕಿಕೊಂಡರು. ಯಾರೂ ಆಕ್ಷೇಪಿಸಲಿಲ್ಲ. ಅಪ್ಪನ ಕಾಲ ಬಳಿ ಸಾಲಾಗಿ, ಕೈಗಳನ್ನು ಬದಿಗೆ ಒತ್ತಿ ನಿಂತರು. ತಲೆಯ ಮೇಲೆ ಟೋಪಿ ಇಲ್ಲದೆ ಸಲ್ಯೂಟ್ ಹೊಡೆಯುವಂತಿಲ್ಲ, ಹಾಗಾಗಿ ಸಲ್ಯೂಟ್ ಹೊಡೆಯಲಿಲ್ಲ. ಹಿರಿಯರು ಉಸಿರೆಳೆದುಕೊಂಡು ಶುರು ಮಾಡಿದರು, ಉಳಿದಿಬ್ಬರು ಸೇರಿದರು. ತಾ, ತಾ, ಅಂತ ಅಷ್ಟೇ, ಮಾತಿಲ್ಲ. ಬೊಚ್ಚು ಬಾಯಿಯ ಮೂರು ದನಿಗಳು. ಒಂದು ನಡುಗುತ್ತಿತ್ತು, ಒಂದು ಮೇಲಿನ ಸ್ವರಕ್ಕೆ ಏರಲಾರದೆ ಉಸಿರಾಗಿ ಹೋಗುತ್ತಿತ್ತು. ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ಮೂವರೂ ಒಟ್ಟಿಗೆ ನಿಲ್ಲುತ್ತಿದ್ದರು. ಆ ನಿಲುಗಡೆಗಳಲ್ಲಿ ಬೀದಿಯ ಬೆಂಕಿಯ ಚಟಪಟ ಕೇಳುತ್ತಿತ್ತು.

ನಾನು ಅಮ್ಮನನ್ನೇ ನೋಡುತ್ತಿದ್ದೆ. ಮೊದಲು ಅವಳು ಸೆರಗನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಆಮೇಲೆ ಕೈ ತಾನಾಗಿ ಕೆಳಗೆ ಬಂತು. ರಾಗ ಕೊನೆಗೆ ಮೇಲೆ ಹೋಗಿ, ಅಲ್ಲೇ ಸ್ವಲ್ಪ ನಿಂತು ಮುಗಿಯಿತು. ಅತ್ತೆಯೂ ಸೇರಿ ಎಲ್ಲರೂ ಅಳುತ್ತಿದ್ದರು. ಅಮ್ಮ ಅಳುತ್ತಿರಲಿಲ್ಲ. ನನ್ನ ಕಡೆ ತಿರುಗಿ, ಏನೋ ಮೋಸ ಹೋದವಳ ಹಾಗೆ ಕೇಳಿದಳು.

"ಇಷ್ಟೇನಾ? ಇದು ಮಗು ಮಲಗ್ಸೋ ಥರ ಇದೆಯಲ್ಲೇ."

ಹೌದು ಅತ್ತಿಗೆ, ದಿನದ ಕೆಲಸ ಮುಗೀತು, ಇನ್ನು ಮಲಗಿ ಅಂತ ಬ್ಯಾರಕ್ಕಿನಲ್ಲಿ ಊದ್ತಿದ್ದದ್ದೇ ಇದು, ಅಂತ ಎತ್ತರದವರು ಮೆಲ್ಲಗೆ ಹೇಳಿದರು. ಇದನ್ನು ಇಷ್ಟು ವರ್ಷ ಯಾರೂ ಅವಳಿಗೆ ಹೇಳಿರಲಿಲ್ಲ. ಅಪ್ಪ ಹೇಳಲು ಹೊರಟಿದ್ದರೆ ಅವಳು ಕೇಳುತ್ತಲೂ ಇರಲಿಲ್ಲ.

ಚಟ್ಟ ಎತ್ತುವವರು ಬಾಗಿಲಿಗೆ ಬಂದು ನಿಂತರು. ಹೊತ್ತಾಗುತ್ತದೆ ಅಂತ ಯಾರೋ ಅಂದರು. ಅಮ್ಮ ಅವರಿಗೆ ತಡೆಯಿರಿ ಅನ್ನುವ ಹಾಗೆ ಕೈ ಎತ್ತಿ, ಆ ಮೂವರ ಕಡೆ ನೋಡಿದಳು.

"ಇನ್ನೊಂದ್ಸಲ ಹೇಳಿ," ಅಂದಳು.

ಸರ್ಕಾರಿ ಗೌರವದಲ್ಲಿ ಇನ್ನೊಂದು ಸಲ ಅನ್ನುವುದಿಲ್ಲ. ಎಂಥ ದೊಡ್ಡವರಿಗೂ ಕೊನೇದು ಒಂದೇ ಸಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿರಿಯರು ಮತ್ತೆ ಕೈಗಳನ್ನು ಬದಿಗೆ ಒತ್ತಿಕೊಂಡು ಉಸಿರೆಳೆದುಕೊಂಡರು. ಅಮ್ಮ ಜರುಗಿಕೊಂಡು ಅಪ್ಪನ ತಲೆಯ ಹತ್ತಿರ ಹೋಗಿ ಕೂತಳು. ಅವರ ತುಟಿಯ ಮೇಲೆ ಎರಡು ಬೆರಳಿಟ್ಟುಕೊಂಡು, ಕೊನೆಯವರೆಗೂ ಕೇಳಿದಳು.